ಬಿಡದೆ ಕಾಡುವ ಟೆನಿಸ್ ಎಲ್ಬೋ: ಯಾವ ತಜ್ಞರು, ಯಾವ ಚಿಕಿತ್ಸೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅರ್ಧ ಲೀಟರ್ ಹಾಲಿನ ಪಾಕೀಟನ್ನು ಬಾಗಿಲಿನಿಂದ ಅಡುಗೆಮನೆಗೆ ಒಯ್ಯಲಾರದೆ ನಡುಮನೆಯಲ್ಲಿ ಕೈಬಿಟ್ಟ ದಿನ, ನನಗೆ ಏನೋ ಆಗಿದೆ ಎಂದು ಒಪ್ಪಿಕೊಂಡೆ. ಅದಕ್ಕೂ ಮುಂಚೆ ಎರಡು ತಿಂಗಳು ‘ಎಲ್ಲೋ ಉಳುಕಿರಬೇಕು’ ಎಂದುಕೊಂಡು ಮುಲಾಮು ಹಚ್ಚುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮೊಣಕೈಯ ಹೊರಬದಿಯ ಆ ನೋವಿಗೆ ಟೆನಿಸ್ ಎಲ್ಬೋ ಎಂದು ಹೆಸರು; ಅದು ಪೂರ್ತಿ ಹೋಗಲು ಹದಿನಾರು ತಿಂಗಳು ಹಿಡಿಯಿತು. ಅದರಲ್ಲಿ ಒಂಬತ್ತು ತಿಂಗಳು ತಪ್ಪು ಬಾಗಿಲುಗಳನ್ನು ತಟ್ಟಿದ್ದಕ್ಕೆ ತೆತ್ತ ದಂಡ. ಆಮೇಲೆ ಸ್ಟಾಫ್ ರೂಮಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ ಜನ ನನ್ನನ್ನು ಕೇಳುತ್ತಲೇ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾನು ವೈದ್ಯನಲ್ಲ. ನಿಮ್ಮ ಕೈಯನ್ನು ಮುಟ್ಟಿ ನೋಡಿದವರ ಮಾತು ನನ್ನ ಮಾತಿಗಿಂತ ದೊಡ್ಡದು.

ನಾನು ಟೆನಿಸ್ ಆಡಿದವನೇ ಅಲ್ಲ. ನನಗೆ ಹೇಗೆ ಬಂತು?

ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಮೇಲೆ ಟೆನಿಸ್ ಆಡುವ ಖಯಾಲಿ ಹಬ್ಬಿದ್ದ 1880ರ ದಶಕದಲ್ಲಿ ಈ ಹೆಸರು ಬಂತು. ಆದರೆ 1873ರಲ್ಲಿಯೇ ರುಂಗೆ ಎಂಬ ಜರ್ಮನ್ ವೈದ್ಯರು ಇದೇ ನೋವನ್ನು ಬರೆದು ಬರೆದು ಕೈ ಸೋತವರಲ್ಲಿ ಗುರುತಿಸಿದ್ದರು. ಅಂದರೆ ಲೇಖನಿಯ ಕಾಯಿಲೆಯನ್ನು ರ‍್ಯಾಕೆಟ್ ಕಸಿದುಕೊಂಡಿತು. ಮೇಷ್ಟರಿಗೆ ಇದರಲ್ಲಿ ಒಂದು ಸಣ್ಣ ಸಮಾಧಾನವಿದೆ.

ಮೊಣಕೈಯ ಹೊರಬದಿಯಲ್ಲಿ ಬೆರಳಿಗೆ ಸಿಗುವ ಮೂಳೆಯ ಗುಬ್ಬು ಇದೆಯಲ್ಲ, ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ ಸ್ನಾಯುಗಳು ಅಲ್ಲಿಗೆ, ಒಂದೇ ಗೂಟಕ್ಕೆ ಕಟ್ಟಿದ ಹಗ್ಗಗಳಂತೆ, ಬಂದು ಸೇರುತ್ತವೆ. ಆ ಹಗ್ಗವೇ ಸ್ನಾಯುರಜ್ಜು. ನಾವು ಏನನ್ನೇ ಬಿಗಿಹಿಡಿಯಲಿ, ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳದಂತೆ ಈ ಸ್ನಾಯುಗಳು ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಹಾಗಾಗಿ ಹಿಡಿಯುವುದು ಬೆರಳು, ನೋಯುವುದು ಮೊಣಕೈ. ಜೋಳದ ರೊಟ್ಟಿ ತಟ್ಟುವವರು, ಒದ್ದೆ ಬಟ್ಟೆ ಹಿಂಡುವವರು, ಈಳಿಗೆಮಣೆಯಲ್ಲಿ ದಿನಕ್ಕೆ ಹತ್ತು ಕಾಯಿ ತುರಿಯುವ ಅಡುಗೆಭಟ್ಟರು, ಸ್ಕ್ರೂ ಡ್ರೈವರ್ ತಿರುಗಿಸುವ ಎಲೆಕ್ಟ್ರೀಷಿಯನ್, ಮೌಸ್ ಬಿಡದ ಸಾಫ್ಟ್‌ವೇರ್ ಉದ್ಯೋಗಿ, ತಲೆಗಿಂತ ಎತ್ತರಕ್ಕೆ ಸೀಮೆಸುಣ್ಣ ಹಿಡಿಯುವ ನಾನು, ಎಲ್ಲರೂ ಒಂದೇ ಹಗ್ಗವನ್ನು ಜಗ್ಗುತ್ತಿದ್ದೇವೆ. ರೋಗಿಗಳಲ್ಲಿ ಟೆನಿಸ್ ಆಡುವವರು ಅಲ್ಪಸಂಖ್ಯಾತರು.

ಎಷ್ಟು ದಿನವಾದ ಮೇಲೆ ತಜ್ಞರನ್ನು ಹುಡುಕಬೇಕು?

ಮೊದಲ ಆರು ವಾರ ಹುಡುಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನೋವು ತರುವ ಕೆಲಸವನ್ನು ಕಡಿಮೆ ಮಾಡಿ, ಕೈಯನ್ನು ಪೂರ್ತಿ ನಿಲ್ಲಿಸದೆ, ಮನೆಯ ಹತ್ತಿರದ ವೈದ್ಯರ ಸಲಹೆಯಂತೆ ನಡೆದರೆ ಸಾಕು. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ್ದು ಎಂದು ಕರೆಯುವುದು ವಾಡಿಕೆ. ಹುಡುಕಾಟ ಅಲ್ಲಿಂದ ಶುರುವಾಗಲಿ. ಹೆಚ್ಚಿನವರಿಗೆ ಒಂದು ವರ್ಷ, ಒಂದೂವರೆ ವರ್ಷದೊಳಗೆ ಇದು ತಾನಾಗಿಯೇ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಒಂದು ವರ್ಷ ಲೋಟ ಎತ್ತದೆ ಬದುಕಿ ಎಂದು ಯಾರಿಗೆ ಹೇಳುವುದು?

ಕಾಯಲೇಬಾರದ ಸಂದರ್ಭಗಳೂ ಇವೆ. ಬಿದ್ದು ಪೆಟ್ಟಾದ ಮೇಲೆ ನೋವು ಶುರುವಾಗಿದ್ದರೆ, ಕೀಲು ಊದಿ ಕೆಂಪಾಗಿ ಜ್ವರ ಬಂದಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ, ಮಣಿಕಟ್ಟನ್ನು ಎತ್ತಲಾಗದಷ್ಟು ಶಕ್ತಿ ಕುಂದಿದ್ದರೆ, ಮೊಣಕೈ ಮಡಚುವಾಗ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಅದೇ ವಾರ ವೈದ್ಯರನ್ನು ಕಾಣಬೇಕು.

ಮೊದಲು ಯಾರ ಬಳಿ ಹೋಗುವುದು: ಮೂಳೆ ತಜ್ಞರೋ, ಫಿಸಿಯೋಥೆರಪಿಸ್ಟೋ?

ನಾನು ಎಡವಿದ್ದು ಇಲ್ಲಿಯೇ. ನೋವು ಮೊಣಕೈಯಲ್ಲಿದೆ, ಮೊಣಕೈ ಎಂದರೆ ಮೂಳೆ, ಆದ್ದರಿಂದ ಮೂಳೆ ತಜ್ಞರು ಎಂದು ಲೆಕ್ಕ ಹಾಕಿದೆ. ಲೆಕ್ಕದ ಮೊದಲ ಸಾಲೇ ತಪ್ಪಿತ್ತು. ಇದು ಮೂಳೆಯ ಕಾಯಿಲೆಯಲ್ಲ, ಸ್ನಾಯುರಜ್ಜುವಿನದು. ಮೂಳೆ ತಜ್ಞರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಮುರಿದ ತೊಡೆಮೂಳೆ, ಸವೆದ ಮಂಡಿ, ಜಾರಿದ ಡಿಸ್ಕ್‌ಗಳ ಸಾಲಿನಲ್ಲಿ ಎಪ್ಪತ್ತನೆಯ ಟೋಕನ್ ಹಿಡಿದು ಕುಳಿತ ಟೆನಿಸ್ ಎಲ್ಬೋಗೆ ಸಿಗುವ ಸಮಯ ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ಕೊಡಬಹುದಾದದ್ದು ಮಾತ್ರೆ ಅಥವಾ ಸೂಜಿ.

ನನ್ನ ಅನುಭವದಲ್ಲಿ ಸರಿಯಾದ ಕ್ರಮ ಹೀಗೆ. ಒಮ್ಮೆ ಒಬ್ಬ ವೈದ್ಯರು ನೋಡಿ ಇದು ಟೆನಿಸ್ ಎಲ್ಬೋ ಹೌದು, ಬೇರೆ ಏನೂ ಅಲ್ಲ ಎಂದು ಖಚಿತಪಡಿಸಲಿ; ಅದು ಮೂಳೆ ತಜ್ಞರಾಗಬಹುದು, ಅನುಭವಿ ಫ್ಯಾಮಿಲಿ ಡಾಕ್ಟರ್ ಆಗಬಹುದು. ಅಲ್ಲಿಂದ ಮುಂದಿನ ಮೂರು ತಿಂಗಳ ಮುಖ್ಯ ಚಿಕಿತ್ಸೆ ಫಿಸಿಯೋಥೆರಪಿಸ್ಟ್ ಅವರದು. ಬಿ.ಪಿ.ಟಿ. ಮೂಲ ಪದವಿ, ಎಂ.ಪಿ.ಟಿ. ಸ್ನಾತಕೋತ್ತರ. ಅದರಲ್ಲಿಯೂ ಸ್ನಾಯು ಮತ್ತು ಅಸ್ಥಿ ವಿಭಾಗ ಅಥವಾ ಕ್ರೀಡಾ ವಿಭಾಗದಲ್ಲಿ ಎಂ.ಪಿ.ಟಿ. ಮಾಡಿದವರು ಸಿಕ್ಕರೆ ಒಳ್ಳೆಯದು. ಆಗಲೂ ಗುಣ ಕಾಣದಿದ್ದರೆ ಕ್ರೀಡಾ ವೈದ್ಯಕೀಯ ತಜ್ಞರು, ಫಿಸಿಕಲ್ ಮೆಡಿಸಿನ್ ಮತ್ತು ಪುನರ್ವಸತಿಯಲ್ಲಿ ಎಂ.ಡಿ. ಮಾಡಿದವರು, ಇಲ್ಲವೇ ಭುಜ ಮತ್ತು ಮೊಣಕೈಯನ್ನೇ ನೋಡುವ ಮೂಳೆ ಶಸ್ತ್ರಚಿಕಿತ್ಸಕರು. ಈ ಪುನರ್ವಸತಿ ವೈದ್ಯರು ಇದ್ದಾರೆ ಎಂಬುದೇ ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಎಂದಷ್ಟೇ ಅವರ ಹೆಸರು ಕೇಳಿರುತ್ತೇವೆ. ಸ್ನಾಯುರಜ್ಜುಗಳೂ ಅವರ ಕ್ಷೇತ್ರವೇ.

ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಬೋರ್ಡಿನ ಮೇಲೆ ‘ನೋವು ತಜ್ಞ’ ಎಂದಿದ್ದರೆ ಅದರ ಕೆಳಗಿರುವ ಪದವಿಯನ್ನು ಓದಿ. ಅರಿವಳಿಕೆಯಲ್ಲಿ ಎಂ.ಡಿ. ಮಾಡಿ ನೋವು ನಿವಾರಣೆಯಲ್ಲಿ ತರಬೇತಿ ಪಡೆದವರು ಬೇರೆ, ವಾರದ ಕೋರ್ಸಿನ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದವರು ಬೇರೆ.

ಒಳ್ಳೆಯ ತಜ್ಞರನ್ನು ಗುರುತಿಸುವುದು ಹೇಗೆ?

ಅವರು ನಿಮ್ಮ ಕೈಯನ್ನು ನೋಡುವ ರೀತಿಯಿಂದ. ಹನ್ನೊಂದನೆಯ ತಿಂಗಳಲ್ಲಿ ನನಗೆ ಸಿಕ್ಕ ಫಿಸಿಯೋಥೆರಪಿಸ್ಟ್ ಮೊದಲು ನೋಡಿದ್ದು ನನ್ನ ಕುತ್ತಿಗೆಯನ್ನು. ಎಡಕ್ಕೆ ತಿರುಗಿಸಿ, ಬಲಕ್ಕೆ ಬಾಗಿಸಿ, ಕೈಗೆ ನೋವು ಇಳಿಯುತ್ತದೆಯೇ ಎಂದು ಕೇಳಿದರು. ಆಮೇಲೆ ಭುಜ. ಆಮೇಲೆ ಮೊಣಕೈ ನೀಳವಾಗಿಟ್ಟುಕೊಂಡು ಮಧ್ಯದ ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ, ಆ ಒಂದೇ ಬೆರಳನ್ನು ತಮ್ಮ ತೋರುಬೆರಳಿನಿಂದ ಕೆಳಕ್ಕೆ ಒತ್ತಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ‘ಹಾಂ, ಇದೇ’ ಎಂದು ನಕ್ಕರು. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯನ್ನು ಅಂಗೈ ಕೆಳಮುಖವಾಗಿ ಹಿಡಿದು ಎತ್ತಿಸಿದರು, ಅದೇ ಕುರ್ಚಿಯನ್ನು ಅಂಗೈ ಮೇಲ್ಮುಖವಾಗಿ ಎತ್ತಿಸಿದರು. ಮೊದಲನೆಯದು ಆಗಲಿಲ್ಲ, ಎರಡನೆಯದು ಸಲೀಸಾಗಿ ಆಯಿತು. ಎರಡರ ನಡುವಿನ ವ್ಯತ್ಯಾಸವನ್ನು ತೋರಿಸಿ ಯಾವ ಸ್ನಾಯು, ಯಾಕೆ ಎಂದು ವಿವರಿಸಿದರು. ನೀವು ಬರೆಯುವ ಬೋರ್ಡು ಎಷ್ಟು ಎತ್ತರದಲ್ಲಿದೆ, ದಿನಕ್ಕೆ ಎಷ್ಟು ಪೀರಿಯಡ್, ಬೈಕಿನ ಕ್ಲಚ್ ಬಿಗಿಯೇ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದೆಲ್ಲ ಕೇಳಿದರು. ಅದಕ್ಕೂ ಮುಂಚಿನ ಒಂಬತ್ತು ತಿಂಗಳಲ್ಲಿ ನನ್ನ ಉದ್ಯೋಗವೇನೆಂದು ಯಾರೂ ಕೇಳಿರಲಿಲ್ಲ.

ಎಷ್ಟು ವಾರ ಬೇಕಾಗಬಹುದು ಎಂದು ಕೇಳಿ ನೋಡಿ. ‘ಹನ್ನೆರಡು ವಾರ ಕೆಲಸ ಮಾಡೋಣ, ಆರನೆಯ ವಾರ ಅಳೆದು ನೋಡೋಣ’ ಎನ್ನುವವರನ್ನು ನಂಬಿ. ‘ಮೂರು ಸಿಟ್ಟಿಂಗಿನಲ್ಲಿ ಗ್ಯಾರಂಟಿ’ ಎಂದವರಿಗೆ ನಮಸ್ಕಾರ ಹೇಳಿ ಬನ್ನಿ. ಮೊದಲ ದಿನವೇ ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕೇಳಿದರೂ ಅಷ್ಟೇ.

ಕರ್ನಾಟಕದಲ್ಲಿ ಎಲ್ಲಿ ವಿಚಾರಿಸಬಹುದು?

ಯಾವ ಆಸ್ಪತ್ರೆ ಉತ್ತಮ ಎಂದು ಅಂಕ ಕೊಡುವುದಿಲ್ಲ. ಬೆಂಗಳೂರಿನ ಜಯನಗರದಲ್ಲಿ ಅಪಘಾತ ಮತ್ತು ಮೂಳೆ ಚಿಕಿತ್ಸೆಗೆಂದೇ ಇರುವ ಸಂಜಯ ಗಾಂಧಿ ಸಂಸ್ಥೆ ಸರ್ಕಾರದ ಸ್ವಾಯತ್ತ ಸಂಸ್ಥೆ. ಮೈಸೂರಿಗೆ ಕೆ.ಆರ್. ಆಸ್ಪತ್ರೆ, ಮಂಗಳೂರಿಗೆ ವೆನ್ಲಾಕ್, ಹುಬ್ಬಳ್ಳಿಗೆ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಮಣಿಪಾಲದಲ್ಲಿ ಫಿಸಿಯೋಥೆರಪಿಯ ಹಳೆಯ ಕಾಲೇಜೂ ಇದೆ. ಫಿಸಿಯೋಥೆರಪಿ ಕಾಲೇಜು ಇರುವ ಊರಿನಲ್ಲಿ ಆ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗುವುದನ್ನು ನಾನು ಯಾರಿಗಾದರೂ ಹೇಳುತ್ತೇನೆ. ಅಲ್ಲಿ ಶುಲ್ಕ ಕಡಿಮೆ, ವಿದ್ಯಾರ್ಥಿಗಳಿಗೆ ಕುತೂಹಲ ಜಾಸ್ತಿ, ಹಿಂದೆ ಪ್ರಾಧ್ಯಾಪಕರು ನಿಂತಿರುತ್ತಾರೆ. ನಾಲ್ಕು ನಿಮಿಷದ ಬದಲು ನಲವತ್ತು ನಿಮಿಷ ಸಿಗುತ್ತದೆ. ಪ್ರತಿ ತಿಂಗಳೂ ವಿದ್ಯಾರ್ಥಿ ಬದಲಾಗುವುದು ಒಂದು ತೊಡಕು. ನಿಮ್ಮ ವ್ಯಾಯಾಮದ ವಿವರವನ್ನು ನಿಮ್ಮದೇ ನೋಟುಬುಕ್ಕಿನಲ್ಲಿ ಬರೆಸಿಕೊಳ್ಳಿ.

ಎಕ್ಸ್‌ರೇ, ಎಂಆರ್‌ಐ ಬೇಕೇ ಬೇಕೇ?

ಹೆಚ್ಚಾಗಿ ಬೇಡ. ಇದನ್ನು ಗುರುತಿಸುವುದು ಕೈಯಿಂದ ಒತ್ತಿ, ಎಳೆದು ನೋಡಿ. ಟೆನಿಸ್ ಎಲ್ಬೋದಲ್ಲಿ ಎಕ್ಸ್‌ರೇ ಬಹುತೇಕ ಸಹಜವಾಗಿಯೇ ಇರುತ್ತದೆ. ಕೀಲು ಸವೆತ, ಹಳೆಯ ಮುರಿತದ ಅನುಮಾನವಿದ್ದಾಗ ತೆಗೆಸುತ್ತಾರೆ. ಅಲ್ಟ್ರಾಸೌಂಡ್, ಎಂಆರ್‌ಐಗಳಲ್ಲಿ ಸ್ನಾಯುರಜ್ಜುವಿನ ಬದಲಾವಣೆ ಕಾಣುತ್ತದೆ ನಿಜ, ಆದರೆ ನೋವೇ ಇಲ್ಲದ ನಡುವಯಸ್ಸಿನವರಲ್ಲಿಯೂ ಅಂಥ ಬದಲಾವಣೆ ಕಾಣುವುದುಂಟು. ವರದಿಯಲ್ಲಿ ‘ಭಾಗಶಃ ಹರಿದಿದೆ’ ಎಂಬ ಪದ ಓದಿ ರಾತ್ರಿಯಿಡೀ ನಿದ್ದೆಗೆಟ್ಟವರು ನನ್ನ ಪರಿಚಯದಲ್ಲಿಯೇ ಇಬ್ಬರಿದ್ದಾರೆ. ಆರು ತಿಂಗಳ ಸರಿಯಾದ ಚಿಕಿತ್ಸೆಗೂ ಬಗ್ಗದಿದ್ದಾಗ, ಶಸ್ತ್ರಚಿಕಿತ್ಸೆಯ ಮಾತು ಬಂದಾಗ, ಅಥವಾ ಬೇರೆ ಕಾಯಿಲೆಯ ಶಂಕೆಯಿದ್ದಾಗ ಸ್ಕ್ಯಾನ್‌ಗೆ ಅರ್ಥವಿದೆ.

ಬೇರೆ ಯಾವ ಕಾಯಿಲೆ ಟೆನಿಸ್ ಎಲ್ಬೋದ ಹಾಗೆ ಕಾಣಬಹುದು?

ಒಂದು ವರ್ಷದಿಂದ ಚಿಕಿತ್ಸೆ ಪಡೆದೂ ಗುಣವಾಗದಿದ್ದರೆ ತಜ್ಞರಿಗೆ ಕೇಳಲೇಬೇಕಾದ ಪ್ರಶ್ನೆ ಇದು. ಮುಂಗೈಯ ಮೇಲ್ಭಾಗದಲ್ಲಿ ನರವೊಂದು ಸ್ನಾಯುವಿನ ಅಡಿಯಲ್ಲಿ ನುಸುಳಿ ಹೋಗುತ್ತದೆ. ಅದು ಅಲ್ಲಿ ಒತ್ತಿಕೊಂಡರೆ ನೋವು ಬಹಳ ಮಟ್ಟಿಗೆ ಇದೇ ರೀತಿ ಇರುತ್ತದೆ. ಆದರೆ ಒತ್ತಿದಾಗ ಹೆಚ್ಚು ನೋಯುವ ಜಾಗ ಗುಬ್ಬಿನ ಮೇಲಲ್ಲ, ಅದರಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ, ಮಾಂಸಖಂಡದಲ್ಲಿ. ಕುತ್ತಿಗೆಯ ನರ ಒತ್ತಿಕೊಂಡರೂ ನೋವು ಮೊಣಕೈಗೆ ಇಳಿಯುತ್ತದೆ, ಆಗ ಜೋಮು ಜೊತೆಗಿರಬಹುದು. ಕೀಲಿನ ಸವೆತ, ಕೀಲನ್ನು ಹಿಡಿದಿಡುವ ಅಸ್ಥಿರಜ್ಜು ಸಡಿಲವಾಗುವುದು ಇನ್ನುಳಿದವು. ಒಳಬದಿಯ ಗುಬ್ಬು ನೋಯುತ್ತಿದ್ದರೆ ಅದರ ಹೆಸರು ಗಾಲ್ಫರ್ಸ್ ಎಲ್ಬೋ. ಅಲ್ಲಿಯೂ ಗಾಲ್ಫ್ ಆಡಿರಬೇಕೆಂದೇನಿಲ್ಲ.

ಉರಿಯೂತ ಎನ್ನುತ್ತಾರಲ್ಲ, ಹಾಗಾದರೆ ಮಾತ್ರೆಯಿಂದ ಏಕೆ ಹೋಗುವುದಿಲ್ಲ?

ಹಳೆಯದಾದ ಮೇಲೆ ಅದು ಮುಖ್ಯವಾಗಿ ಉರಿಯೂತವಲ್ಲ. 1979ರಲ್ಲಿ ಅಮೆರಿಕದ ನಿರ್ಷ್ಲ್ ಮತ್ತು ಪೆಟ್ರೋನ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ನಾಯುರಜ್ಜುವಿನ ಬಗ್ಗೆ ಬರೆದ ಪ್ರಬಂಧ ಈ ತಿಳಿವಳಿಕೆಯನ್ನು ತಿರುಗಿಸಿತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಉರಿಯೂತದ ಜೀವಕೋಶಗಳಲ್ಲ. ಅಡ್ಡಾದಿಡ್ಡಿಯಾಗಿ ಬೆಳೆದ ನಾರು, ಅನಗತ್ಯ ಸಣ್ಣ ರಕ್ತನಾಳಗಳು. ಸರಿಯಾಗಿ ಹೊಸೆಯದ ಹಗ್ಗ ಎನ್ನಬಹುದು. ನೋವಿನ ಮಾತ್ರೆ, ಜೆಲ್‌ಗಳು ಕೆಲವು ದಿನ ನೋವನ್ನು ತಗ್ಗಿಸುತ್ತವೆ, ಹಗ್ಗವನ್ನು ಮತ್ತೆ ಹೊಸೆಯುವುದಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಬಿ.ಪಿ. ಇರುವವರು ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಅಪಾಯ. ಇನ್ನೊಂದು ವಿಷಯ: ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಗುಂಪಿನ ಪ್ರತಿಜೀವಕಗಳು ಸ್ನಾಯುರಜ್ಜುಗಳಿಗೆ ಹಾನಿ ಮಾಡಬಲ್ಲವು. ಬೇರೆ ಯಾವುದೋ ಸೋಂಕಿಗೆ ಅವನ್ನು ಬರೆದುಕೊಟ್ಟರೆ ನಿಮ್ಮ ಮೊಣಕೈಯ ಕಥೆಯನ್ನು ವೈದ್ಯರಿಗೆ ಮೊದಲೇ ಹೇಳಿ.

ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳಲೇ?

ನಾನು ಎರಡು ತೆಗೆದುಕೊಂಡೆ. ಮೊದಲನೆಯದರ ಮರುವಾರ ಕೈ ಹೊಸದರಂತೆ ಆಯಿತು. ಸಂತೋಷಕ್ಕೆ ಮನೆಯ ಅಟ್ಟವನ್ನು ಖಾಲಿ ಮಾಡಿದೆ. ಐದನೆಯ ವಾರ ನೋವು ಬಡ್ಡಿ ಸಮೇತ ಮರಳಿತು. ಎರಡನೆಯದು ನಾಲ್ಕು ವಾರ ನಿಂತಿತು, ಜೊತೆಗೆ ಮೊಣಕೈಯ ಮೇಲೆ ಎಂಟಾಣೆ ನಾಣ್ಯದಷ್ಟು ಬಿಳಿಯ ಮಚ್ಚೆಯನ್ನೂ ಬಿಟ್ಟಿತು. ಅದು ತೊನ್ನಲ್ಲ, ಸ್ಟೀರಾಯ್ಡ್ ಚರ್ಮದ ಬಣ್ಣವನ್ನೂ ಅಡಿಯ ಕೊಬ್ಬನ್ನೂ ಕರಗಿಸಬಲ್ಲದು, ನಮ್ಮಂಥ ಕಂದು ಚರ್ಮದಲ್ಲಿ ಎದ್ದು ಕಾಣುತ್ತದೆ. ಹೀಗಾಗಬಹುದು ಎಂದು ಯಾರೂ ಹೇಳಿರಲಿಲ್ಲ. ಮೂರನೆಯದಕ್ಕೆ ಚೀಟಿ ಬರೆದಾಗ ಬೆನ್ನು ತಿರುಗಿಸಿದೆ.

ಇದು ನನ್ನೊಬ್ಬನ ದುರದೃಷ್ಟವೆಂದು ಆಗ ಅಂದುಕೊಂಡಿದ್ದೆ. ಆಮೇಲೆ ಓದಿದ ಅಂಕಿಗಳು ಬೇರೆಯದನ್ನೇ ಹೇಳಿದವು. ನೆದರ್ಲೆಂಡ್ಸ್‌ನಲ್ಲಿ 185 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರನೆಯ ವಾರಕ್ಕೆ ಗುಣ ಕಂಡವರು ಇಂಜೆಕ್ಷನ್ ಗುಂಪಿನಲ್ಲಿ ಶೇ 92, ಫಿಸಿಯೋಥೆರಪಿಯಲ್ಲಿ ಶೇ 47, ಸುಮ್ಮನೆ ಕಾದವರಲ್ಲಿ ಶೇ 32. ಇಲ್ಲಿಗೆ ನಿಲ್ಲಿಸಿದರೆ ಇಂಜೆಕ್ಷನ್ನಿಗೆ ಜಯಕಾರ ಹಾಕಬೇಕು. ಅದೇ ಜನರನ್ನು 52ನೆಯ ವಾರ ನೋಡಿದಾಗ ಇಂಜೆಕ್ಷನ್ ಶೇ 69, ಫಿಸಿಯೋಥೆರಪಿ ಶೇ 91, ಸುಮ್ಮನೆ ಕಾದವರು ಶೇ 83. ಅಂದರೆ ಏನೂ ಮಾಡದವರು ಸೂಜಿ ಚುಚ್ಚಿಸಿಕೊಂಡವರನ್ನು ಹಿಂದೆ ಹಾಕಿದ್ದರು. ಆಸ್ಟ್ರೇಲಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಸ್ಟೀರಾಯ್ಡನ್ನು ಬರೀ ಉಪ್ಪುನೀರಿನ ಇಂಜೆಕ್ಷನ್ನಿನ ಜೊತೆ ಹೋಲಿಸಿದರು. ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ 54, ಉಪ್ಪುನೀರಿನವರಲ್ಲಿ ಶೇ 12.

ಮಗಳ ಮದುವೆ ಮುಂದಿನ ವಾರ, ಕೈ ಎತ್ತಲೇಬೇಕು ಎನ್ನುವವರಿಗೆ ಒಂದು ಇಂಜೆಕ್ಷನ್ ಉಪಯೋಗಕ್ಕೆ ಬರಬಹುದು, ಪರಿಣಾಮ ತಿಳಿದುಕೊಂಡು ತೆಗೆದುಕೊಂಡರೆ. ಸಕ್ಕರೆ ಕಾಯಿಲೆ ಇರುವವರಿಗೆ ಅದಾದ ಕೆಲವು ದಿನ ಸಕ್ಕರೆ ಏರುತ್ತದೆ, ಎಚ್ಚರ ಬೇಕು. ಅದರ ಮೇಲೆ ಇನ್ನೊಂದು, ಮತ್ತೊಂದು ಎಂದು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಪಿಆರ್‌ಪಿ ಹೊಸ ಚಿಕಿತ್ಸೆಯಂತೆ, ನಮ್ಮದೇ ರಕ್ತವಂತೆ?

ನಿಮ್ಮ ರಕ್ತವನ್ನೇ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ದಟ್ಟವಾಗಿರುವ ಭಾಗವನ್ನು ನೋವಿನ ಜಾಗಕ್ಕೆ ಚುಚ್ಚುತ್ತಾರೆ. ವಿಚಾರ ಆಕರ್ಷಕವಾಗಿದೆ. 2010ರ ಸುಮಾರಿಗೆ ಬಂದ ಅಧ್ಯಯನಗಳಲ್ಲಿ ಸ್ಟೀರಾಯ್ಡ್‌ಗಿಂತ ಮೇಲೆಂದು ಕಂಡಿತು. ಆದರೆ ಸ್ಟೀರಾಯ್ಡ್‌ಗಿಂತ ಮೇಲಾಗುವುದು ಎಷ್ಟು ಸುಲಭ ಎಂಬುದನ್ನು ಈಗಷ್ಟೇ ನೋಡಿದೆವು. 2021ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚಿ ನೋಡುವ ಕೊಕ್ರೇನ್ ಸಂಸ್ಥೆ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹುಸಿ ಇಂಜೆಕ್ಷನ್ನಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸಾವಿರಾರು ರೂಪಾಯಿಯ ಪ್ರಶ್ನೆ ಇದು. ಮೂರು ತಿಂಗಳು ವ್ಯಾಯಾಮವನ್ನು ಪ್ರಾಮಾಣಿಕವಾಗಿ ಮಾಡದವರಿಗೆ ನಾನಂತೂ ಹೇಳುವುದಿಲ್ಲ.

ಶಾಕ್‌ವೇವ್, ಲೇಸರ್, ಅಲ್ಟ್ರಾಸೌಂಡ್ ಶಾಖ?

ಕೆಲವರಿಗೆ ಹಿತವೆನಿಸುತ್ತದೆ, ಪುರಾವೆ ತೆಳು. ವ್ಯಾಯಾಮದ ಜೊತೆಗಿದ್ದರೆ ಅಡ್ಡಿಯಿಲ್ಲ. ಯಂತ್ರದ ಕೆಳಗೆ ಹದಿನೈದು ನಿಮಿಷ ಕೈಯಿಟ್ಟು ಮನೆಗೆ ಕಳುಹಿಸುವುದೇ ಫಿಸಿಯೋಥೆರಪಿ ಎಂದುಕೊಂಡಿರುವ ಕಡೆ ಕಾಲ ಕಳೆಯಬೇಡಿ.

ಹಾಗಾದರೆ ಆ ವ್ಯಾಯಾಮ ಯಾವುದು?

ನನಗೆ ಹೇಳಿಕೊಟ್ಟದ್ದನ್ನು ಬರೆಯುತ್ತೇನೆ. ನಿಮ್ಮ ಕೈಗೆ ಎಷ್ಟು ಭಾರ, ಎಷ್ಟು ಸಲ ಎಂಬುದನ್ನು ನಿಮ್ಮನ್ನು ನೋಡಿದವರೇ ಹೇಳಬೇಕು. ಮೊದಲ ಎರಡು ವಾರ ಚಲನೆಯೇ ಇಲ್ಲ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಹಸ್ತವನ್ನು ಮೇಲಕ್ಕೆತ್ತಲು ಯತ್ನಿಸುವುದು, ಇನ್ನೊಂದು ಕೈಯಿಂದ ಅದನ್ನು ಏಳದಂತೆ ಒತ್ತಿ ಹಿಡಿಯುವುದು. ಮೂವತ್ತು ನಲವತ್ತು ಸೆಕೆಂಡು, ಐದು ಸಲ.

ಆಮೇಲೆ ನೀರಿನ ಅರ್ಧ ಲೀಟರ್ ಬಾಟಲಿ. ಮುಂಗೈ ಮೇಜಿನ ಮೇಲೆ, ಹಸ್ತ ಅಂಚಿನಿಂದ ಆಚೆಗೆ. ಬಾಟಲಿ ಹಿಡಿದ ಹಸ್ತವನ್ನು ಎಡಗೈಯ ಸಹಾಯದಿಂದ ಮೇಲಕ್ಕೆತ್ತಿ, ಎಡಗೈ ಬಿಟ್ಟು, ನಾಲ್ಕೈದು ಎಣಿಸುತ್ತ ನಿಧಾನವಾಗಿ ಇಳಿಸಬೇಕು. ಗುಟ್ಟೆಲ್ಲ ಆ ಇಳಿಸುವುದರಲ್ಲಿದೆ; ಭಾರ ಹೊತ್ತು ಉದ್ದವಾಗುವಾಗ ಸ್ನಾಯುರಜ್ಜುವಿಗೆ ಮತ್ತೆ ಬಲಗೊಳ್ಳುವ ಸೂಚನೆ ಸಿಗುತ್ತದೆ. ಹದಿನೈದರಂತೆ ಮೂರು ಸುತ್ತು. ಕೈಗೆ ನೋವು ಹತ್ತರಲ್ಲಿ ಮೂರು ನಾಲ್ಕರಷ್ಟು ಬರಬಹುದು, ಮರುದಿನ ಬೆಳಿಗ್ಗೆ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಜಾಸ್ತಿಯಾಯಿತೆಂದು ಅರ್ಥ. ಸುತ್ತಿದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನಿಧಾನವಾಗಿ ಬಿಡುವ ಇನ್ನೊಂದು ಇದೆ. ರಬ್ಬರಿನ ದಂಡ ಸಿಕ್ಕರೆ ಅದರಲ್ಲೂ ಆಗುತ್ತದೆ. ನಾನು ಅರ್ಧ ಲೀಟರಿನಿಂದ ಎರಡು ಲೀಟರಿಗೆ ಏರಲು ಹದಿಮೂರು ವಾರ ಬೇಕಾಯಿತು. ನೋವು ಕಡಿಮೆಯಾಗಿದೆ ಎಂದು ಗೊತ್ತಾದದ್ದು ಏಳನೆಯ ವಾರ. ಬಾಗಿಲಿನ ಬೀಗ ತೆಗೆದು ಒಳಗೆ ಬಂದ ಮೇಲೆ, ಅರೆ, ಬಲಗೈಯಲ್ಲೇ ತೆಗೆದೆನಲ್ಲ ಎಂದು ನೆನಪಾಯಿತು.

ಬೆಲ್ಟ್ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು, ಕೆಲಸ ಮಾಡುವಾಗ ಮಾತ್ರ. ಹೆಚ್ಚಿನವರು ಅದನ್ನು ನೋಯುವ ಗುಬ್ಬಿನ ಮೇಲೆಯೇ ಬಿಗಿಯುತ್ತಾರೆ. ಅದಿರಬೇಕಾದ್ದು ಗುಬ್ಬಿನಿಂದ ಎರಡು ಬೆರಳು ಕೆಳಗೆ, ಮುಂಗೈಯ ಮಾಂಸಖಂಡದ ಮೇಲೆ. ಬೆರಳು ಜೋಮು ಹಿಡಿದರೆ ಸಡಿಲಿಸಿ, ಮಲಗುವಾಗ ಬಿಚ್ಚಿಡಿ.

ಆಯುರ್ವೇದ, ಪುತ್ತೂರು ಕಟ್ಟು ಆಗುತ್ತದೆಯೇ?

ಎಣ್ಣೆ, ಶಾಖದಿಂದ ಬಿಗಿತ ಸಡಿಲವಾಗಿ ಹಿತವೆನಿಸುವುದು ಸಹಜ. ಅಗ್ನಿಕರ್ಮ ಎಂದು ಕಾಯಿಸಿದ ಲೋಹದ ಶಲಾಕೆಯಿಂದ ನೋವಿನ ಬಿಂದುಗಳನ್ನು ಮುಟ್ಟಿಸುವ ಪದ್ಧತಿಯಿದೆ, ಮಾಡಿಸುವುದಾದರೆ ಬಿ.ಎ.ಎಂ.ಎಸ್. ಪದವಿಯ ಮೇಲೆ ಆಯುರ್ವೇದ ಶಲ್ಯತಂತ್ರದಲ್ಲಿ (ಶಸ್ತ್ರಚಿಕಿತ್ಸೆಯ ವಿಭಾಗ) ಎಂ.ಎಸ್. ಮಾಡಿದವರಲ್ಲಿ ಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ ಸುಟ್ಟ ಗಾಯ ಮಾಯುವುದು ತಡ ಎಂಬುದನ್ನು ಮರೆಯಬೇಡಿ. ಇನ್ನು ಆಂಧ್ರದ ಪುತ್ತೂರಿನ ಹೆಸರಿನಲ್ಲಿ ನಮ್ಮ ಊರುಗಳಲ್ಲೆಲ್ಲ ಬೋರ್ಡು ಹಾಕಿರುವ ಕಟ್ಟು. ಮುರಿದ ಮೂಳೆಗೆ ಅದು ಸರಿಯೋ ಅಲ್ಲವೋ ಎಂಬುದು ಬೇರೆ ಚರ್ಚೆ. ಇಲ್ಲಿ ಮುರಿದದ್ದೇ ಇಲ್ಲ. ಮೂರು ವಾರ ಬಿಗಿದು ಕಟ್ಟಿದರೆ ಮೊದಲೇ ಸೋತ ಸ್ನಾಯು ಇನ್ನಷ್ಟು ಸೊರಗುತ್ತದೆ, ಕೀಲು ಬಿರುಸಾಗುತ್ತದೆ. ಬೇಡ.

ಶಸ್ತ್ರಚಿಕಿತ್ಸೆಯ ಹಂತ ಯಾವಾಗ? ಸಚಿನ್‌ಗೂ ಮಾಡಿದರಲ್ಲ?

2004ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟಿಗೆ ಟಿಕೆಟ್ ತೆಗೆದವರಿಗೆ ಈ ಕಾಯಿಲೆಯ ಹೆಸರು ಆಗಲೇ ಪರಿಚಯವಾಯಿತು; ತೆಂಡೂಲ್ಕರ್ ಮೊಣಕೈ ನೋವಿನಿಂದ ಅಲ್ಲಿಯೂ ಚೆನ್ನೈಯಲ್ಲಿಯೂ ಆಡಲಿಲ್ಲ. 2005ರ ಮೇನಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಅಕ್ಟೋಬರಿನಲ್ಲಿ ಮೈದಾನಕ್ಕೆ ಮರಳಿದರು, ಡಿಸೆಂಬರಿನಲ್ಲಿ ದೆಹಲಿಯಲ್ಲಿ ಶ್ರೀಲಂಕಾ ವಿರುದ್ಧ 35ನೆಯ ಟೆಸ್ಟ್ ಶತಕ ಹೊಡೆದರು. ಭಾರತದಲ್ಲಿ ಟೆನಿಸ್ ಎಲ್ಬೋ ಎಂಬ ಪದವನ್ನು ಮನೆಮಾತು ಮಾಡಿದ್ದು ಟೆನಿಸ್ ಅಲ್ಲ, ಕ್ರಿಕೆಟ್.

ಆದರೆ ಅವರ ಜೊತೆ ಫಿಸಿಯೋಗಳ ತಂಡವೇ ಇತ್ತು, ಮತ್ತು ಅವರು ತೀರ ಭಾರದ ಬ್ಯಾಟ್ ಹಿಡಿಯುತ್ತಿದ್ದವರು. ನಮ್ಮ ನಿಮ್ಮಂಥವರಲ್ಲಿ ಶಸ್ತ್ರಚಿಕಿತ್ಸೆಯವರೆಗೆ ಹೋಗುವವರು ಬಹಳ ಕಡಿಮೆ. ಆರರಿಂದ ಹನ್ನೆರಡು ತಿಂಗಳು ಸರಿಯಾದ ವ್ಯಾಯಾಮ ಮಾಡಿಯೂ ಬದುಕು ಅಸ್ತವ್ಯಸ್ತವಾಗಿಯೇ ಇದ್ದರೆ ಆ ಮಾತು. ಹಾಳಾದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ತೆರೆದು ಅಥವಾ ಸಣ್ಣ ರಂಧ್ರದಿಂದ. ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆ, ಕೆಲವರಿಗೆ ಚರ್ಮ ಸೀಳಿ ಹೊಲಿದ ಹುಸಿ ಶಸ್ತ್ರಚಿಕಿತ್ಸೆ ಮಾಡಿದರು. 2018ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನವರು ಒಂದೇ ರೀತಿ ಸುಧಾರಿಸಿದ್ದರು. ಸಣ್ಣದೊಂದು ಪ್ರಯೋಗ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ನಿಜ, ಆದರೂ ಎರಡನೆಯ ತಜ್ಞರ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ.

ಖರ್ಚಿನ ಮಾತು?

ನಾನು ಒಂದು ಭೇಟಿಗೆ 400 ರೂಪಾಯಿಯಂತೆ ಒಂಬತ್ತು ಭೇಟಿಗೆ ಕೊಟ್ಟೆ, ಉಳಿದದ್ದು ಮನೆಯಲ್ಲಿ ಬಾಟಲಿಯ ಜೊತೆ. ಸಾಮಾನ್ಯ ಆರೋಗ್ಯ ವಿಮೆ ಹೆಚ್ಚಾಗಿ ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಹಣ ಕೊಡುತ್ತದೆ. ಹೊರರೋಗಿ ಫಿಸಿಯೋಥೆರಪಿಗೆ ಸಿಗುವುದು ಅಪರೂಪ, ಪಾಲಿಸಿಯನ್ನು ಓದಿ. ಗಾರ್ಮೆಂಟ್ಸ್, ಕಾರ್ಖಾನೆಯವರು ಇ.ಎಸ್.ಐ. ಕಾರ್ಡನ್ನು ಮರೆಯುತ್ತಾರೆ. ತಿಂಗಳ ವೇತನ 21,000 ರೂಪಾಯಿಯವರೆಗೆ ಇದ್ದವರಿಗೆ ಅದು ಅನ್ವಯ. ಬೆಂಗಳೂರಿನ ರಾಜಾಜಿನಗರ, ಪೀಣ್ಯದಲ್ಲಿ ಅದರ ಆಸ್ಪತ್ರೆಗಳಿವೆ. ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಅನಾರೋಗ್ಯ ಭತ್ಯೆಯೂ ಇದೆ.

ಕೆಲಸ ಬಿಡಲಾಗುವುದಿಲ್ಲ. ಏನು ಮಾಡಲಿ?

ಬಿಡುವುದು ಬೇಡ, ಹಿಡಿಯುವ ರೀತಿ ಬದಲಿಸಿ. ಅಂಗೈ ಮೇಲ್ಮುಖವಾಗಿ, ಮೊಣಕೈ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿದರೆ ಅದೇ ಭಾರ ಅರ್ಧವಾದಂತೆ ಅನಿಸುತ್ತದೆ. ಚೀಲವನ್ನು ಬೆರಳಿಗೆ ನೇತುಹಾಕುವ ಬದಲು ಮುಂಗೈಗೆ ಹಾಕಿ. ಬಟ್ಟೆಯನ್ನು ನಲ್ಲಿಗೆ ಸುತ್ತಿ ಒಂದೇ ದಿಕ್ಕಿಗೆ ಹಿಂಡಿ. ನಮ್ಮ ಅಕ್ಕ ಮೂವತ್ತು ರೊಟ್ಟಿಯನ್ನು ಒಂದೇ ಬೈಠಕ್ಕಿನಲ್ಲಿ ತಟ್ಟುತ್ತಿದ್ದವಳು ಹತ್ತರಂತೆ ಮೂರು ಸಲ ಮಾಡಿದಳು, ನಾದುವ ಕೆಲಸವನ್ನು ಭಾವನಿಗೆ ಹಚ್ಚಿದಳು. ಆಕೆಯ ಕೈಗಿಂತ ಭಾವನ ಗೊಣಗಾಟ ಗುಣವಾಗಲು ಹೆಚ್ಚು ದಿನ ಹಿಡಿಯಿತು. ನಾನು ಬೋರ್ಡಿನ ಮುಂದೆ ಒಂದು ಮಣೆ ಇಟ್ಟುಕೊಂಡೆ. ನಿಂತರೆ ಕಣ್ಣಿನ ಮಟ್ಟದಲ್ಲಿ ಬರೆಯಬಹುದು.

ವಿದೇಶದಲ್ಲಿರುವ ಮಗನಿಗೆ ಇದೇ ತೊಂದರೆ. ಊರಿಗೆ ಬಂದು ತೋರಿಸಲೇ?

ಇದಕ್ಕಾಗಿ ವಿಮಾನ ಹತ್ತಬೇಕಿಲ್ಲ. ಇಂಗ್ಲೆಂಡಿನ ಹಲವು ಕಡೆ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಫಿಸಿಯೋಥೆರಪಿಗೆ ವೈದ್ಯರ ಚೀಟಿಯಿಲ್ಲದೆ ತಾವೇ ಹೆಸರು ನೋಂದಾಯಿಸಬಹುದು, ಸರದಿ ಕಾಯಬೇಕಷ್ಟೆ. ಅಮೆರಿಕದಲ್ಲಿಯೂ ಎಲ್ಲ ರಾಜ್ಯಗಳಲ್ಲಿ ಯಾವುದಾದರೊಂದು ಮಟ್ಟಿಗೆ ನೇರವಾಗಿ ಫಿಸಿಕಲ್ ಥೆರಪಿಸ್ಟರನ್ನು ಕಾಣಬಹುದು. ವಿಮೆಯವರು ಹಣ ಕೊಡಲು ಚೀಟಿ ಕೇಳುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಲಿ.

ತಜ್ಞರ ಬಳಿ ಹೋಗುವಾಗ ಏನು ಒಯ್ಯಬೇಕು?

ಒಂದು ಹಾಳೆ. ನೋವು ಶುರುವಾದ ತಿಂಗಳು, ತೆಗೆದುಕೊಂಡ ಇಂಜೆಕ್ಷನ್‌ಗಳ ದಿನಾಂಕ ಮತ್ತು ಹೆಸರು, ನುಂಗುತ್ತಿರುವ ಎಲ್ಲ ಮಾತ್ರೆಗಳು, ಯಾವ ಮೂರು ಕೆಲಸ ಮಾಡಲಾಗುತ್ತಿಲ್ಲ. ‘ಇಂಜೆಕ್ಷನ್ ಕೊಟ್ಟರು’ ಎಂದರೆ ಸಾಲದು, ಯಾವುದೆಂದು ಬೇಕು. ಹಳೆಯ ಚೀಟಿಗಳನ್ನು ಎಸೆಯಬೇಡಿ. ನೋಯುವ ಜಾಗವನ್ನು ಇಡೀ ಅಂಗೈಯಿಂದ ಸವರಿ ತೋರಿಸದೆ ಒಂದೇ ಬೆರಳಿನಿಂದ ತೋರಿಸಿ. ಮಡಚಲು ಸಡಿಲವಿರುವ ತೋಳಿನ ಅಂಗಿ ಹಾಕಿಕೊಂಡು ಹೋಗಿ.

ಗುಣವಾದ ಮೇಲೆ ಮತ್ತೆ ಬರುತ್ತದೆಯೇ?

ಬರಬಹುದು. ನನಗೆ ಒಮ್ಮೆ ಬಂತು, ಎರಡು ವರ್ಷದ ನಂತರ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಮೂರನೆಯ ಮಹಡಿಗೆ ಹೊತ್ತ ವಾರ. ಈ ಸಲ ಯಾರ ಟೋಕನ್ನೂ ತೆಗೆದುಕೊಳ್ಳಲಿಲ್ಲ. ಅದೇ ರಾತ್ರಿ ಅಡುಗೆಮನೆಯ ಕಪಾಟಿನಿಂದ ಅರ್ಧ ಲೀಟರಿನ ಬಾಟಲಿಯನ್ನು ತೆಗೆದು ನೀರು ತುಂಬಿದೆ. ಐದು ವಾರಕ್ಕೆ ಹೋಯಿತು.